ಅಂಜೂರಕ್ಕೆ ಇಷ್ಟು ಆಳ ಬೇಡ

ಆ ಇಪ್ಪತ್ತನಾಲ್ಕು ಗುಂಡಿಗಳನ್ನೂ ತೋಡಿದ್ದು ಸಸಿಯಕ್ಕನೇ. ಬೇರೆ ಯಾರಾದರೂ ತೋಡಿದ್ದರೆ ಅವಳಿಗೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲವೇನೋ. ತಮ್ಮ ಕೈಕೊಟ್ಟ ಎಂದು ಎರಡು ದಿನ ಅತ್ತು, ಮೂರನೆಯ ದಿನ ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಒಡಹುಟ್ಟಿದವರು ಒಬ್ಬರಿಗೊಬ್ಬರು ಟೋಪಿ ಹಾಕುವುದು ಲೋಕದಲ್ಲಿ ಹೊಸದೇನಲ್ಲ. ಆದರೆ ಹಾಕಿಸಿಕೊಳ್ಳುವವಳ ಕೈಯಿಂದಲೇ ಆ ಟೋಪಿಯನ್ನು ಹೊಲಿಸುವುದಿದೆಯಲ್ಲ, ಅದಕ್ಕೆ ಬೇರೆಯೇ ಎದೆಗಾರಿಕೆ ಬೇಕು. ಅವಳ ತಮ್ಮನಿಗೆ ಅದು ಇತ್ತು.

ಸಸಿಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಒಂದೇ ನರ್ಸರಿಯಲ್ಲಿ ಕೆಲಸ. ಚೀಲಕ್ಕೆ ಮಣ್ಣು ತುಂಬುವುದು, ಕಡ್ಡಿ ಕತ್ತರಿಸಿ ಊರುವುದು, ಚಿಗುರಿದ್ದನ್ನು ನೆರಳಿಗೆ ಇಡುವುದು, ಗಟ್ಟಿಯಾದದ್ದನ್ನು ಬಿಸಿಲಿಗೆ ದೂಡುವುದು. ಇವಳ ಕೈ ತಾಗಿದರೆ ಪೊರಕೆ ಕಡ್ಡಿಯೂ ಚಿಗುರುತ್ತದೆ ಎಂದು ನರ್ಸರಿಯ ಯಜಮಾನರು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. "ಪೊರಕೆ ಕಡ್ಡಿ ಚಿಗುರಲ್ಲ, ಸುಮ್ನಿರಿ. ಅದು ಒಣಗಿರುತ್ತೆ," ಎಂದು ಇವಳು ತಲೆ ಎತ್ತದೆ ಹೇಳುತ್ತಿದ್ದಳು. ತಮಾಷೆಯೆಂಬುದು ಅವಳಿಗೆ ಸ್ವಲ್ಪ ತಡವಾಗಿಯೇ ಅರ್ಥವಾಗುತ್ತಿತ್ತು. ಮೋಸವೂ ಅಷ್ಟೇ.

ಮನೆಯ ಹಿಂದೆ ಅಪ್ಪ ಬಿಟ್ಟುಹೋದ ಒಂದಿಷ್ಟು ಜಾಗವಿತ್ತು. ಕಾಗದದಲ್ಲಿ ಅಕ್ಕ ತಮ್ಮ ಇಬ್ಬರ ಹೆಸರೂ ಇತ್ತು. ಪೂರಾ ಜೇಡಿಮಣ್ಣು. ಮಳೆ ಬಂದರೆ ಕಾಲಿಗೆ ಇನ್ನೊಂದು ಜೊತೆ ಚಪ್ಪಲಿಯಷ್ಟು ಅಂಟಿಕೊಳ್ಳುತ್ತಿತ್ತು, ಬಿಸಿಲಿಗೆ ಅಂಗೈ ತೂರುವಷ್ಟು ಬಿರುಕು ಬಿಡುತ್ತಿತ್ತು. ಅಪ್ಪ ಅದರಲ್ಲಿ ಏನೇನೋ ಬೆಳೆಯಲು ನೋಡಿ, ಕೊನೆಗೆ ಆ ಕಡೆ ಮುಖ ಹಾಕುವುದನ್ನೇ ಬಿಟ್ಟಿದ್ದ. ಆದರೆ ಸಸಿಯಕ್ಕನಿಗೆ ಒಂದು ವಿಷಯ ಗೊತ್ತಿತ್ತು. ನೆಡುವುದನ್ನು ತಿಳಿದು ನೆಟ್ಟರೆ ಅಂಜೂರ ಜೇಡಿಮಣ್ಣಿನಲ್ಲೂ ಬದುಕುತ್ತದೆ. ನರ್ಸರಿಯ ಹಳೆಯ ಮರದಿಂದ ನಲವತ್ತು ಕಡ್ಡಿ ಕೇಳಿ ತಂದು ಚೀಲಗಳಲ್ಲಿ ಊರಿದ್ದಳು. ಹದಿನಾರು ಕೊಳೆತವು, ಇಪ್ಪತ್ತನಾಲ್ಕು ಉಳಿದವು. ಎರಡು ವರ್ಷ ಹಿತ್ತಲ ಗೋಡೆಯ ಪಕ್ಕದಲ್ಲಿ ಅವನ್ನು ಸಾಕಿದಳು. ಅಲ್ಲಿಂದ ಏಳಿಸಿ ಜಾಗಕ್ಕೆ ನೆಡಲು ಮಾತ್ರ ಒಬ್ಬಳಿಗೆ ಧೈರ್ಯ ಬರಲಿಲ್ಲ.

ತಮ್ಮನನ್ನು ಅವಳು ಪುಟ್ಟ ಎಂದು ಕರೆಯುತ್ತಿದ್ದಳು. ಈ ಪುಟ್ಟನಿಗೆ ಮೂವತ್ತೆಂಟು ವರ್ಷ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ಒಂದು ಇಟ್ಟಿಗೆ ಭಟ್ಟಿಯ ಲಾರಿ ಓಡಿಸುತ್ತಿದ್ದ. ಹೆಂಡತಿಯ ಜೊತೆ ಎರಡು ಬೀದಿ ಆಚೆ ಇದ್ದ. ಅಮ್ಮ ಹೋದಾಗ ಅವನಿಗೆ ಐದು ವರ್ಷ, ಇವಳಿಗೆ ಹದಿನೈದು. ಅಂದಿನಿಂದ ಅವನ ಮೂಗು ಒರೆಸಿದ್ದು, ಹೊಟ್ಟೆಗೆ ಹಾಕಿದ್ದು, ಜ್ವರಕ್ಕೆ ಹಣೆ ಮುಟ್ಟಿ ನೋಡಿದ್ದು ಎಲ್ಲ ಇವಳೇ. ಮದುವೆಯಾದ ಮೇಲೆ ಅವನು ಬರುವುದು ಕಡಿಮೆಯಾಯಿತು. ಬಂದರೂ ಲಾರಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, ಕೂತೂ ಕೂರದ ಹಾಗೆ ಕೂತು ಎದ್ದು ಹೋಗುತ್ತಿದ್ದ.

ಅಂಥವನು ಬೇಸಿಗೆ ಕಾಲಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಬಂದು, ಹಿತ್ತಲಲ್ಲಿ ನಿಂತು, "ಅಕ್ಕ, ಆ ಅಂಜೂರ ನೆಟ್ಟುಬಿಡೋಣ. ನಾನೂ ಬರ್ತೀನಿ," ಎಂದ.

ಅವಳಿಗೆ ಸ್ವರ್ಗ ಮೂರೇ ಗೇಣು. ಗಿಡ ನೆಡುವುದಕ್ಕಿಂತ ಹೆಚ್ಚಾಗಿ ಅವನು 'ನಾನೂ ಬರ್ತೀನಿ' ಎಂದದ್ದಕ್ಕೆ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಅವಳಿಗೆ ಬೇಕಾಗಿದ್ದದ್ದು ತಮ್ಮ. ಅಂಜೂರ ಅದಕ್ಕೊಂದು ನೆಪವಾಗಿ ಸಿಕ್ಕಿತ್ತು.

"ಈ ಬಿಸಿಲಲ್ಲಾ? ಬೇಸಿಗೆ ಕಳೀಲಿ ಬಿಡೋ," ಎಂದಳು, ಬಾಯಿಮಾತಿಗೆ.

"ಆಮೇಲೆ ನನಗೆ ಬಿಡುವಿರಲ್ಲ. ಬೆಳಗಾಗ್ತಿದ್ದ ಹಾಗೇ ತೋಡಿದ್ರೆ ಆಯ್ತಲ್ಲ."

ಮೊದಲನೆಯ ದಿನವೇ ತಕರಾರು ಬಂತು. ಸಸಿಯಕ್ಕ ಎರಡು ಮೊಳ ಅಗಲ, ಗಿಡದ ಚೀಲಕ್ಕಿಂತ ಒಂದಿಷ್ಟು ಕಡಿಮೆ ಆಳ ತೋಡಿ ನಿಲ್ಲಿಸಿದಳು. ಪುಟ್ಟ ಬಗ್ಗಿ ನೋಡಿ ತಲೆಯಾಡಿಸಿದ.

"ಇಷ್ಟೇನಾ? ಸೊಂಟದ ಮಟ್ಟಕ್ಕಾದ್ರೂ ಹೋಗು ಅಕ್ಕ."

"ಅಂಜೂರಕ್ಕೆ ಇಷ್ಟು ಆಳ ಬೇಡ ಕಣೋ. ಜೇಡಿಮಣ್ಣಲ್ಲಿ ಆಳ ತೋಡಿದ್ರೆ ಗುಂಡಿ ಅನ್ನೋದು ಬೋಗುಣಿ ಆಗುತ್ತೆ. ಹಾಕಿದ ನೀರು ಇಂಗಲ್ಲ, ಬೇರು ಕೊಳೆಯುತ್ತೆ. ಇಲ್ಲಿ ಗಿಡಾನ ನೆಲದೊಳಗೆ ಇಳಿಸಬಾರದು, ದಿಬ್ಬ ಮಾಡಿ ಮೇಲೆ ಕೂರಿಸ್ಬೇಕು."

"ಅದು ತಣ್ಣಗಿರೋ ಕಾಲಕ್ಕೆ. ಈ ಬಿಸಿಲಿಗೆ ಬೇರು ಕೆಳಗೆ ಇಳೀಬೇಕು, ಇಲ್ಲಾಂದ್ರೆ ಸುಟ್ಟುಹೋಗುತ್ತೆ. ತಿಳಿದವರನ್ನ ಕೇಳ್ಕೊಂಡೇ ಬಂದಿದ್ದೀನಿ."

ಇಪ್ಪತ್ತಾರು ವರ್ಷ ಗಿಡದ ಕೆಲಸ ಮಾಡಿದವಳಿಗೆ ಲಾರಿ ಓಡಿಸುವವನು ಬೇರಿನ ಪಾಠ ಹೇಳುತ್ತಿದ್ದ. ನರ್ಸರಿಯಲ್ಲಿ ಬೇರೆ ಯಾರಾದರೂ ಹೀಗೆ ಅಂದಿದ್ದರೆ ಚೆನ್ನಾಗಿ ಜಾಡಿಸಿ ಕಳಿಸುತ್ತಿದ್ದಳು. ಆದರೆ ತನಗಾಗಿ ಅವನು ಯಾರನ್ನೋ ಕೇಳಿಕೊಂಡು ಬಂದಿದ್ದಾನೆ ಎಂಬುದೇ ಅವಳ ಬಾಯಿ ಕಟ್ಟಿಹಾಕಿತು. ಪೂರ್ತಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಿ, ತುಳಿದು, ಮೇಲೆ ದಿಬ್ಬ ಮಾಡಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದುಪ್ಪಟ್ಟು ಕೆಲಸ. ಮಾಡಿದಳು.

ಗಿಡಗಳ ಅಂತರದಲ್ಲೂ ಅವನದೇ ಲೆಕ್ಕಾಚಾರ. ಅವಳು ಮನೆಗೆ ಹತ್ತಿರವಾಗಿ, ನೀರು ಹೊರಲು ಸುಲಭವಾಗುವಂತೆ ಒತ್ತಿ ಹಾಕೋಣವೆಂದರೆ, ಅವನು ಜಾಗದ ನಾಲ್ಕೂ ಮೂಲೆಗೆ ಒಂದೊಂದು, ನಡುವೆ ಸಾಲಾಗಿ ಸಮಸಮ ಹಾಕೋಣ ಎಂದ. "ಅಂದವಾಗಿ ಕಾಣುತ್ತೆ," ಎಂದ. ಪ್ರತಿ ಗುಂಡಿಗೂ ಟೇಪು ಇಳಿಬಿಟ್ಟು ಮೊಬೈಲಲ್ಲಿ ಫೋಟೋ ತೆಗೆದ. ಅವಳು ಪಕ್ಕದಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಫೋಟೋಗೆ ನಗುತ್ತಿದ್ದಳು.

"ಸ್ವಲ್ಪ ಆ ಕಡೆ ನಿಲ್ಲು ಅಕ್ಕ. ಟೇಪು ಕಾಣ್ಬೇಕು."

ಹೀಗೆ ಎರಡು ವಾರ ನಡೆಯಿತು. ತೋಡುವವಳು ಅವಳು, ಅಳೆಯುವವನು ಅವನು. ಸನಿಕೆಯನ್ನು ಅವನು ಮುಟ್ಟಲಿಲ್ಲ, ಲಾರಿಯ ಸೀಟಿನಲ್ಲಿ ಕೂತು ಕೂತು ಬೆನ್ನು ಬಿದ್ದುಹೋಗಿದೆ ಎಂದ. ಇರಲಿ ಪಾಪ ಎಂದುಕೊಂಡಳು. ಫೋಟೋ ಆದ ಮೇಲೆ ಅವಳು ಗುಂಡಿಗಿಳಿದು ಗೋಡೆಯನ್ನೆಲ್ಲ ಮುಳ್ಳು ಸನಿಕೆಯಿಂದ ಗೀರುತ್ತಿದ್ದಳು, ಮಿರುಗುವ ಜೇಡಿಗೋಡೆಯನ್ನು ಎಳೆ ಬೇರು ದಾಟಲಾರದು. ಗಿಡವನ್ನು ಚೀಲದ ಸಮೇತ ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ, ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿ ಕೂರಿಸುತ್ತಿದ್ದಳು. ಕಾಂಡಕ್ಕೆ ತೆಳ್ಳಗೆ ಸುಣ್ಣ, ಬುಡಕ್ಕೆ ಒಣಹುಲ್ಲು, ಪಡುವಣ ಬಿಸಿಲಿಗೆ ಅಡ್ಡವಾಗಿ ಹರಿದ ಗೋಣಿಚೀಲ. ಅಂಜೂರದ ಹಾಲು ತಾಗಿ ಮೊಣಕೈವರೆಗೆ ಕಡಿತವೆದ್ದಿತ್ತು. ಅದೂ ಅವಳಿಗೆ ಹಿತವಾಗಿತ್ತು. ದಿನಾ ಬೆಳಿಗ್ಗೆ ತಮ್ಮ ಬರುತ್ತಿದ್ದ, ಇಬ್ಬರೂ ತೋಡಿದ ಮಣ್ಣಿನ ಗುಡ್ಡೆಯ ಮೇಲೆ ಕೂತು ಒಂದೇ ಫ್ಲಾಸ್ಕಿನಿಂದ ಟೀ ಕುಡಿಯುತ್ತಿದ್ದರು.

ಇಪ್ಪತ್ತನಾಲ್ಕನೆಯ ಗುಂಡಿಯ ಫೋಟೋ ತೆಗೆದ ಮರುದಿನದಿಂದ ಅವನು ಬರಲಿಲ್ಲ. ಕೆಲಸ ಹೆಚ್ಚು ಎಂದ.

ಹತ್ತು ದಿನದಲ್ಲಿ ಅವಳು ಹೆದರಿದ್ದೇ ಆಯಿತು. ಆಳದಲ್ಲಿ ತುಂಬಿದ ಮಣ್ಣು ನೀರು ಕುಡಿದು ಕುಸಿಯಿತು, ದಿಬ್ಬಗಳು ತಟ್ಟೆಯಂತೆ ಒಳಗೆ ಇಳಿದವು. ಮೂರು ಗಿಡದ ಎಲೆ ಹಳದಿಗೆ ತಿರುಗಿತು. ವಾರದ ರಜೆಯ ದಿನ ಬೆಳಿಗ್ಗೆಯೇ ಹೋಗಿ, ಒಂದೊಂದಾಗಿ ಗಿಡವನ್ನು ಬೇರಿನ ಮಣ್ಣು ಉದುರದಂತೆ ಎತ್ತಿ, ಕೆಳಗೆ ಮಣ್ಣು ಕೊಟ್ಟು ಮತ್ತೆ ಕೂರಿಸುತ್ತಿದ್ದಳು. ಮೈಯೆಲ್ಲ ಜೇಡಿ. ಆಗ ರಸ್ತೆಯ ಪಕ್ಕ ಮೋಟಾರುಬೈಕು ನಿಲ್ಲಿಸಿ ಒಬ್ಬ ದಪ್ಪ ಮನುಷ್ಯ ಒಳಗೆ ಬಂದ.

"ಏನಮ್ಮಾ, ಗಿಡ ನೋಡ್ಕೊಳ್ಳೋಕೂ ಆಳು ಇಟ್ಟಿದ್ದಾನಾ? ಸುಮ್ನೆ ಯಾಕೆ ಕಷ್ಟಪಡ್ತೀರಿ ಈ ಬಿಸಿಲಲ್ಲಿ. ಇನ್ನೊಂದು ತಿಂಗಳಿಗೆ ಇದನ್ನೆಲ್ಲ ಎತ್ತಿಬಿಡ್ತೀವಿ."

"ಏನನ್ನ ಎತ್ತೋದು?"

"ಮಣ್ಣನ್ನ. ಇಟ್ಟಿಗೆಗೆ."

ಅವನು ಭಟ್ಟಿಯ ಯಜಮಾನ. ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ಸಡಿಲ. ಅಷ್ಟೊತ್ತಿಗೆ ಮಣ್ಣಿನ ಹೆಂಟೆಯೊಂದನ್ನು ಎತ್ತಿ, ಉಗುಳು ಹಚ್ಚಿ, ಬೆರಳಲ್ಲಿ ಹೊಸೆಯುತ್ತಿದ್ದ. ಚಿನ್ನ ನೋಡಿದವನ ಮುಖವಿತ್ತು.

"ನಮ್ಮ ಡ್ರೈವರಿನ ಜಾಗ ಇದು. ಮಣ್ಣು ಎಷ್ಟು ಆಳ ಇದೆ, ಮೂಲೆಮೂಲೆಗೂ ಇದೆಯಾ ಅಂತ ತೋಡಿ ತೋರ್ಸಪ್ಪಾ, ಆಮೇಲೆ ಮಾತಾಡೋಣ ಅಂದಿದ್ದೆ. ಎರಡು ವಾರದಲ್ಲಿ ಇಪ್ಪತ್ನಾಲ್ಕು ಗುಂಡಿ ತೋಡಿಸಿ ಫೋಟೋ ಕಳಿಸ್ಬಿಟ್ಟ. ನೋಡಿ ಬೇಕಾದ್ರೆ."

ಮೊಬೈಲನ್ನು ಅವಳ ಮುಖಕ್ಕೆ ಹಿಡಿದ. ಒಂದಾದ ಮೇಲೊಂದು ಗುಂಡಿ, ಒಳಗೆ ಇಳಿಬಿಟ್ಟ ಟೇಪು, ಅಂಚಿನಲ್ಲಿ ಒಂದು ಜೊತೆ ಕಾಲು. ಅವಳ ಕಾಲು. ಮುಖ ಒಂದರಲ್ಲೂ ಇರಲಿಲ್ಲ. ಅಷ್ಟು ಸಲ ಸೆರಗು ಸರಿಮಾಡಿಕೊಂಡು ನಕ್ಕದ್ದು ಯಾರಿಗೆ ಎಂದು ಅವಳಿಗೆ ಆಗ ಗೊತ್ತಾಯಿತು.

"ಯಾರೋ ಹೆಣ್ಣಾಳು ತೋಡಿದ್ದು. ಗೋಡೆ ನೋಡಿ, ಎಷ್ಟು ನೇರ. ಇಂಥ ಕೈ ನಮ್ಮಲ್ಲಿ ಒಂದಿಲ್ಲ."

"ನಾನೇ ತೋಡಿದ್ದು."

"ಹೌದಾ? ಹಾಗಾದ್ರೆ ಭಟ್ಟಿಗೆ ಬನ್ನಿ, ಕೆಲಸ ಕೊಡ್ತೀನಿ."

ಅವಳು ಹಿಡಿದಿದ್ದ ಗಿಡವನ್ನು ಮೆಲ್ಲಗೆ ನೆಲಕ್ಕಿಟ್ಟಳು. ನಾನು ಅವನ ಅಕ್ಕ ಎಂದು ಹೇಳಬಹುದಿತ್ತು. ಆದರೆ ಇಷ್ಟು ಕೇಳಿದವಳು ಇನ್ನಷ್ಟು ಕೇಳಿಯೇಬಿಡೋಣ ಎಂಬ ಹಟ ಬಂತು.

"ಜಾಗ ಅವನೊಬ್ಬನದೇನಾ?"

"ಅಕ್ಕ ಒಬ್ಬಳಿದ್ದಾಳಂತೆ, ಅವಳ ಸಹಿಯೂ ಬೇಕು. ಅದರ ಚಿಂತೆ ಬಿಡಿ, ನಾನು ತೋರಿಸಿದ ಕಡೆ ಹಾಕ್ತಾಳೆ, ಓದೋದಿಲ್ಲ ಅಂದ. ಗಿಡಗಳ ಹತ್ರ ಮಾತಾಡ್ತಾಳಂತೆ, ಮನುಷ್ಯರು ಏನು ಹೇಳಿದ್ರೂ ತಲೆ ಆಡಿಸ್ತಾಳಂತೆ." ಅವನು ನಕ್ಕ. "ಗಿಡ ನೆಡೋಣ ಅಂತ ಅವಳಿಗೆ ಹೇಳಿ ಒಪ್ಪಿಸಿದ್ನಂತೆ. ಬುದ್ಧಿವಂತ. ಅವನನ್ನ ಭಟ್ಟಿಯಲ್ಲಿ ಪಾಲುದಾರನಾಗಿ ಸೇರಿಸ್ಕೋತಿದ್ದೀನಿ."

ಅವನು ಹೋದ ಮೇಲೆ ಸಸಿಯಕ್ಕ ಉಳಿದ ಗಿಡಗಳನ್ನೂ ಎತ್ತಿ ಕೂರಿಸಿದಳು. ಅರ್ಧಕ್ಕೆ ಬಿಟ್ಟರೆ ಬಿಸಿಲಿಗೆ ಬೇರು ಒಣಗುತ್ತಿತ್ತು, ಅದಕ್ಕೇ. ಅಳು ಬಂದದ್ದು ಸ್ನಾನದ ಮನೆಯಲ್ಲಿ, ಉಗುರಿನ ಸಂದಿಯ ಜೇಡಿ ತೊಳೆಯುವಾಗ. ಕಣ್ಣಿಗೆ ಮಣ್ಣೆರಚುವುದು ಎನ್ನುತ್ತಾರೆ. ಇವಳ ಮಣ್ಣನ್ನೇ ಇವಳ ಕೈಯಲ್ಲೇ ತೋಡಿಸಿ ಎರಚಿದ್ದ.

ಅತ್ತು ಮುಗಿದ ಮೇಲೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಅದನ್ನು ಕೇಳಿದರೆ ಅವಳನ್ನು ಪೆದ್ದಿ ಎನ್ನುವವರು ಇರಬಹುದು, ಅನ್ನಲಿ. ಪುಟ್ಟ ತಾನಾಗಿ ಬಂದು ಒಂದೇ ಒಂದು ಸಲ, ಅಕ್ಕ, ಹೀಗಿದೆ ವಿಷಯ ಎಂದರೆ ಸಹಿ ಹಾಕಿಬಿಡುವುದು. ಮಣ್ಣು ಹೋದರೆ ಹೋಗಲಿ, ಗಿಡಗಳನ್ನು ಡ್ರಮ್ಮುಗಳಿಗೆ ಹಾಕಿ ಮತ್ತೆ ಹಿತ್ತಲಿಗೆ ತಂದುಕೊಂಡರಾಯಿತು. ಅವನ ಬೆನ್ನಿಗೆ ಒಂದಿಷ್ಟು ಸುಖ ಸಿಗುವುದಾದರೆ ಸಿಗಲಿ. ಆದರೆ ಬಾಯಿಬಿಟ್ಟು ಹೇಳಬೇಕು. ಅಷ್ಟೇ ಅವಳು ಕೇಳಿದ್ದು, ಅದೂ ಮನಸ್ಸಿನಲ್ಲಿ.

ಆ ಸಂಜೆ ತಾನೇ ಅವನ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, "ದಿಬ್ಬ ಎಲ್ಲ ಕುಸಿದಿವೆ ಪುಟ್ಟ. ಗುಂಡಿ ಆಳ ಆಯ್ತು," ಎಂದಳು.

"ಮಣ್ಣು ಕೂತ್ಕೊಂಡ್ರೆ ಸರಿಹೋಗುತ್ತೆ ಬಿಡು."

ಮರುದಿನ ಅವನು ಲಾರಿಯಲ್ಲಿ ಎದುರಾದ. ನರ್ಸರಿಯ ತನಕ ಹತ್ತಿಸಿಕೊಂಡ. ದಾರಿಯಲ್ಲಿ ಅವಳು, "ಹಣ್ಣು ಬಿಡೋಕೆ ಇನ್ನೂ ಮೂರು ವರ್ಷ ಹಿಡಿಯುತ್ತೆ. ಕಾಯೋಣ ಅಂತೀಯಾ?" ಎಂದು ಕೇಳಿದಳು. ಕೇಳಿ, ಕಿಟಕಿಯ ಆಚೆ ನೋಡಿದಳು.

"ಕಾಯೋಣ ಅಕ್ಕ. ಮೊದಲನೇ ಹಣ್ಣು ನಿನಗೆ," ಎಂದ, ಗೇರು ಬದಲಿಸುತ್ತ.

ಅವಳು ನರ್ಸರಿಯ ಮುಂದೆ ಇಳಿದುಕೊಂಡಳು. ಆದರೂ ಆಸೆ ಬಿಡಲಿಲ್ಲ. ಎರಡು ಸಲ ಆಯಿತು, ಮೂರನೆಯ ಸಲಕ್ಕೆ ಹೇಳುತ್ತಾನೆ ಎಂದುಕೊಂಡಳು.

ಮೂರನೆಯ ಸಲ ಅವನೇ ಬಂದ, ಮುಂದಿನ ವಾರ, ಬೆಳಗಿನ ಒಂಬತ್ತು ಗಂಟೆಗೆ. ಶರಟಿನ ಜೇಬಿನಿಂದ ಕಾಗದ ತೆಗೆದು, ಸಹಿಯ ಜಾಗ ಮಾತ್ರ ಕಾಣುವ ಹಾಗೆ ಮಡಿಸಿ, ಅಡುಗೆಮನೆಯ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಪೆನ್ನು.

"ಇದೇನೋ?"

"ಅರ್ಜಿ. ಗಿಡಕ್ಕೆ ನೀರಿನ ಪೈಪು ಎಳೆಸೋಣ ಅಂತ. ನೀನು ಎಷ್ಟು ದಿನ ಅಂತ ಬಕೆಟ್ಟು ಹೊರ್ತೀಯ."

ಅವಳು ಕೈ ಒರೆಸಿಕೊಂಡು ಅವನ ಎದುರು ಕೂತಳು. "ಓದು, ಕೇಳ್ತೀನಿ."

"ಓದೋದೇನಿದೆ ಅದರಲ್ಲಿ."

"ಇರಲಿ. ಓದು."

ಪುಟ್ಟ ಕಾಗದವನ್ನು ಬಿಡಿಸಿ ಮುಖದೆದುರು ಹಿಡಿದ. ಗಂಟಲು ಸರಿಮಾಡಿಕೊಂಡು ಓದತೊಡಗಿದ. ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾವು ನಮ್ಮ ಜಾಗದಲ್ಲಿ ಇಪ್ಪತ್ತನಾಲ್ಕು ಅಂಜೂರದ ಗಿಡಗಳನ್ನು ನೆಟ್ಟಿರುತ್ತೇವೆ, ಬೇಸಿಗೆಯ ತಾಪ ಹೆಚ್ಚಾಗಿರುವುದರಿಂದ ಸದರಿ ಗಿಡಗಳಿಗೆ ನೀರಿನ ಸೌಕರ್ಯ ಒದಗಿಸಿಕೊಡಬೇಕಾಗಿ ಕೇಳಿಕೊಳ್ಳುತ್ತೇವೆ. ಎಲ್ಲೂ ತಡವರಿಸಲಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಸಾಲಿಗೆ ಹೋಗುವವನ ಹಾಗೆ ಕಣ್ಣನ್ನೂ ಎಡದಿಂದ ಬಲಕ್ಕೆ ಸರಿಸುತ್ತಿದ್ದ. ಅವನಿಗೆ ಓದು ಕಲಿಸಿದ್ದು ಅವಳೇ, ಇದೇ ಮೇಜಿನ ಮೇಲೆ, ಅಕ್ಷರಕ್ಕೊಂದು ಮುತ್ತು ಕೊಟ್ಟು. ಆಗ ಅವನು ಇದ್ದದ್ದನ್ನು ಓದಲು ಎಷ್ಟು ಒದ್ದಾಡುತ್ತಿದ್ದ. ಈಗ ಇಲ್ಲದ್ದನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದ. ಸಸಿಯಕ್ಕನ ಒಳಗೆ ಏನೋ ಒಂದು ಆ ಹೊತ್ತಿಗೆ ಮುಗಿದುಹೋಯಿತು. ಅಲ್ಲಿಯವರೆಗೆ ಮುಗಿದಿರಲಿಲ್ಲ.

ಅವನು ಕಾಗದ ಕೆಳಗಿಟ್ಟಾಗ ಅವಳು ಅದನ್ನು ತನ್ನ ಕಡೆ ತಿರುಗಿಸಿಕೊಂಡು, ಬೆರಳಿಟ್ಟು, ಜೋರಾಗಿ ಓದಿದಳು. "ಮೇಲ್ಕಂಡ ಜಾಗದ ಮಣ್ಣನ್ನು ಇಟ್ಟಿಗೆ ತಯಾರಿಕೆಗಾಗಿ ತೆಗೆದುಕೊಳ್ಳಲು ನಮ್ಮಿಬ್ಬರ ಪೂರ್ಣ ಒಪ್ಪಿಗೆ ಇರುತ್ತದೆ."

ಪುಟ್ಟ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ.

"ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಅಕ್ಕ. ಲಾರಿ ಓಡಿಸಿ ಓಡಿಸಿ ನಾನು ಸತ್ತುಹೋಗಿದ್ದೀನಿ. ಇನ್ನೆಷ್ಟು ವರ್ಷ ಆಗುತ್ತೆ ನನ್ನ ಕೈಲಿ? ಆ ಜಾಗದಿಂದ ಯಾರಿಗೆ ಏನು ಪ್ರಯೋಜನ ಇತ್ತು? ಅಪ್ಪನ ಕೈಲೇ ಏನೂ ಆಗಲಿಲ್ಲ."

"ಗುಂಡಿ ನನ್ನ ಕೈಲಿ ಯಾಕೆ ತೋಡಿಸ್ದೆ?"

"ನೀನು ಹೇಗೂ ತೋಡ್ತಿದ್ದೆಯಲ್ಲ."

"ದಿನಾ ಬೆಳಿಗ್ಗೆ ಬಂದು ನನ್ನ ಜೊತೆ ಕೂತ್ಕೋತಿದ್ದೆ. ಟೀ ಕುಡೀತಿದ್ದೆ."

ಅವನು ನೆಲ ನೋಡಿದ.

"ಪಾಲುದಾರ ಆಗೋದಿದೆ, ಮಣ್ಣು ಬೇಕು ಅಂತ ಒಂದು ಮಾತು ಹೇಳಿದ್ರೆ ಕೊಟ್ಟುಬಿಡ್ತಿದ್ದೆ," ಎಂದಳು ಸಸಿಯಕ್ಕ. "ನನ್ನ ಪಾಲಿನದ್ದೂ ಸೇರಿಸಿ ಕೊಡ್ತಿದ್ದೆ. ಹೇಳಲಿ ಅಂತ ಎರಡು ಸಲ ನಾನಾಗೇ ಬಾಗಿಲು ತೆಗೆದು ಕೊಟ್ಟೆ. ನೀನು ಒಳಗೆ ಬರಲಿಲ್ಲ."

ಪುಟ್ಟ ತಲೆ ಎತ್ತಿದ. ಅವನ ಮುಖದಲ್ಲಿ ನಾಚಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಗಿರಾಕಿ ಒಪ್ಪುವ ಹಾಗಿದ್ದಾನೆ ಎಂದು ತಿಳಿದಾಗ ವ್ಯಾಪಾರದವರ ಮುಖಕ್ಕೆ ಬರುವಂಥದ್ದು.

"ಹಾಗಾದ್ರೆ ಈಗ ಗೊತ್ತಾಯ್ತಲ್ಲ ಅಕ್ಕ," ಎಂದ. ಪೆನ್ನನ್ನು ಅವಳ ಕಡೆ ಸರಿಸಿದ. "ಈಗ ಹೇಳಿದ ಹಾಗೇ ಆಯ್ತು. ಹಾಕಿಬಿಡು."

ಸಸಿಯಕ್ಕ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿದಳು, ಪೆನ್ನನ್ನು ಅದರ ಮೇಲಿಟ್ಟಳು, ಎರಡನ್ನೂ ಮೇಜಿನ ಆ ತುದಿಗೆ ದೂಡಿದಳು.

"ತಗೊಳ್ಳಿ," ಎಂದಳು. "ನಿಮ್ಮ ಯಜಮಾನ್ರಿಗೆ ಹೇಳಿ, ಸಹಿ ಆಗಲ್ಲ ಅಂತ. ಬಿಸಿಲು ಏರೋದ್ರೊಳಗೆ ಹೊರಡಿ."

ಅವನು ನಕ್ಕ, ತಮಾಷೆಯೆಂದುಕೊಂಡು. ಮೂವತ್ತೆಂಟು ವರ್ಷದಲ್ಲಿ ಅಕ್ಕನ ಬಾಯಲ್ಲಿ ಅವನು ಪುಟ್ಟ, ಕತ್ತೆ, ಏನೋ, ಬಾರೋ ಎಲ್ಲ ಆಗಿದ್ದ, ಇದೊಂದು ಆಗಿರಲಿಲ್ಲ.

"ಏನಕ್ಕ, ನನಗೇ ಬಹುವಚನಾನಾ?"

"ನೀವು ಹೊರಡಿ."

ನಗು ಅರ್ಧಕ್ಕೇ ನಿಂತಿತು. "ಬೈದುಬಿಡು ಅಕ್ಕ. ಬೇಕಾದ್ರೆ ಎರಡು ಬಾರಿಸು. ಹೀಗೆಲ್ಲ ಮಾತಾಡ್ಬೇಡ."

"ಬೈಯೋಕೆ, ಹೊಡೆಯೋಕೆ ನೀವು ನನಗೆ ಏನಾಗ್ಬೇಕು?" ಎಂದು ಕೇಳಿದಳು ಸಸಿಯಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ನರ್ಸರಿಯಲ್ಲಿ ದಾರಿ ಕೇಳಿಕೊಂಡು ಬಂದವರ ಜೊತೆ ಹೀಗೇ ಮಾತಾಡುತ್ತಿದ್ದಳು. ಅವನು ಕಾಗದ ತೆಗೆದುಕೊಳ್ಳುವುದನ್ನು ಕಾಯುತ್ತ ನಿಂತಳು, ತೆಗೆದುಕೊಂಡ ಮೇಲೆ ಬಾಗಿಲವರೆಗೂ ಬಂದಳು, ಮನೆಗೆ ಬಂದ ಹೊರಗಿನವರನ್ನು ಬಾಗಿಲವರೆಗೆ ಕಳಿಸಿಕೊಡುವುದು ಅವಳ ರೂಢಿ.